ಒಂದು ದಿನದ ವ್ಯತ್ಯಾಸ

ಮನೆ ಬದಲಾಯಿಸಿದ ಗೃಹಸ್ಥರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ದೊಡ್ಡ ಮಂಚವು ಚಿಕ್ಕ ಬಾಗಿಲಿನಲ್ಲಿ ಇದ್ದಂತೆಯೇ ಹೊರಬರುವುದಿಲ್ಲ. ಕಾಲುಗಳನ್ನು ಬಿಚ್ಚಬೇಕು, ಹಲಗೆಗಳನ್ನು ಕಟ್ಟಬೇಕು, ಯಾವ ಕಾಲು ಯಾವ ಮೂಲೆಯದೆಂದು ಸೀಮೆಸುಣ್ಣದಿಂದ ಗುರುತು ಹಾಕಬೇಕು. ಹೊಸ ಮನೆಯಲ್ಲಿ ಜೋಡಿಸುವವನು ಬೇರೊಬ್ಬನಾದರೆ ಆ ಗುರುತೇ ಅವನಿಗೆ ಗತಿ.

ಗಣಕಯಂತ್ರದೊಳಗಿನ ಸಾಮಗ್ರಿಯ ಪಾಡೂ ಇದೇ. ಪ್ರೋಗ್ರಾಮು ನಡೆಯುತ್ತಿರುವಾಗ ಹೆಸರು, ವಯಸ್ಸು, ವಿಳಾಸಗಳೆಲ್ಲ ಒಂದು 'ಆಬ್ಜೆಕ್ಟ್' ಆಗಿ ಯಂತ್ರದ ಸ್ಮರಣೆಯಲ್ಲಿ ನೆಲಸಿರುತ್ತವೆ. ಅದು ಇನ್ನೊಂದು ಯಂತ್ರಕ್ಕೆ ಪ್ರಯಾಣ ಮಾಡಬೇಕಾದರೆ ಬರಿಯ ಅಕ್ಷರಗಳ ಸಾಲಾಗಿ ಮಾರ್ಪಡಬೇಕು. ಇದಕ್ಕೆಂದು ಅಮೆರಿಕದ ಡಗ್ಲಾಸ್ ಕ್ರಾಕ್‌ಫರ್ಡರು 2001ರಲ್ಲಿ 'ಜೇಸನ್' ಎಂಬ ಪದ್ಧತಿಯನ್ನು ಬಳಕೆಗೆ ತಂದರು. ತಾವು ಅದನ್ನು ಸೃಷ್ಟಿಸಲಿಲ್ಲ, ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇದ್ದುದನ್ನು ಕಂಡುಕೊಂಡೆವಷ್ಟೆ ಎಂಬುದು ಅವರ ನಿಲುವು. ಈ ಪೆಟ್ಟಿಗೆಯಲ್ಲಿ ಖಾನೆಗಳು ಕಡಿಮೆ: ಪಠ್ಯ, ಅಂಕಿ, ಹೌದು-ಅಲ್ಲಗಳು, 'ಏನೂ ಇಲ್ಲ' ಎಂಬ ಗುರುತು, ಪಟ್ಟಿ, ಹೆಸರು ಹಚ್ಚಿದ ವಿವರಗಳ ಗುಂಪು. ದಿನಾಂಕಕ್ಕೆ ಪ್ರತ್ಯೇಕ ಖಾನೆಯೇ ಇಲ್ಲ. ಅದು ಪಠ್ಯದ ವೇಷದಲ್ಲಿಯೇ ಹೋಗಬೇಕು.

ಈ ಕೊರತೆಯ ಫಲ ಬೆಂಗಳೂರಿನ ಒಂದು ಮನೆಯಲ್ಲಿ ಪ್ರಕಟವಾಯಿತು. ಆ ಮನೆಯ ಅಜ್ಜಿ ತಮ್ಮ ಬಳಗದವರೆಲ್ಲರ ಜನ್ಮದಿನಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಹಾಳೆಗಳು ಹಳದಿಯಾಗಿದ್ದವು, ಅಜ್ಜಿಯ ಕಣ್ಣೂ ಮಂಜಾಗುತ್ತಿತ್ತು. ಪ್ರೋಗ್ರಾಮು ಬರೆಯುವುದನ್ನು ಕಲಿತಿದ್ದ ಮೊಮ್ಮಗಳು ಅವನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ, ಬಂಧುಗಳೆಲ್ಲ ಎಲ್ಲಿದ್ದರೂ ನೋಡುವಂತೆ ಒಂದು ಪುಟ ಸಿದ್ಧಪಡಿಸಿದಳು. ಹಳೆಯ ಪುಸ್ತಕವನ್ನು ಇನ್ನು ಅಟ್ಟಕ್ಕೆ ಹಾಕಬಹುದೆಂದು ಮನೆಯವರೆಲ್ಲ ಒಪ್ಪಿದರು.

ಎಲ್ಲರಿಗಿಂತ ಕಿರಿಯ ಮೊಮ್ಮಗನ ಹೆಸರನ್ನು ಓದಿಸಿ ಕೇಳಿದ ಅಜ್ಜಿ ತಲೆಯಾಡಿಸಿದರು.

"ಆಗಸ್ಟ್ ಹದಿನಾಲ್ಕಲ್ಲ ಕಣೇ ಪುಟ್ಟಿ. ಇವನು ಹುಟ್ಟಿದ ಬೆಳಿಗ್ಗೆ ಆಸ್ಪತ್ರೆಯ ಎದುರಿನ ಸ್ಕೂಲಿನಲ್ಲಿ ಬಾವುಟ ಹಾರಿಸ್ತಿದ್ರು."

"ನಾನು ಹದಿನೈದು ಅಂತಲೇ ಬರೆದಿದ್ದೀನಿ ಅಜ್ಜಿ!"

ಪುಸ್ತಕ ತಂದು ತಾಳೆ ನೋಡಿದರೆ, ಅವನೊಬ್ಬನೇ ಅಲ್ಲ, ಇಡೀ ಬಳಗವೇ ಒಂದು ದಿನ ಮುಂಚೆ ಜನಿಸಿತ್ತು!

ಕಾರಣ ಹುಡುಕಲು ಅವಳಿಗೆ ಒಂದು ರಾತ್ರಿ ಹಿಡಿಯಿತು. 2016ರ ಆಗಸ್ಟ್ 15 ಎಂದು ಹೇಳಿ ಗಂಟೆಯನ್ನು ಹೇಳದಿದ್ದಾಗ ಯಂತ್ರವು ಅದನ್ನು ಆ ದಿನ ಆರಂಭವಾಗುವ ನಡುರಾತ್ರಿಯೆಂದು ಭಾವಿಸಿತ್ತು. ಪಠ್ಯವಾಗಿ ಮಾರ್ಪಡಿಸುವಾಗ ಜಾವಾಸ್ಕ್ರಿಪ್ಟ್ ಅದನ್ನು ವಿಶ್ವಮಾನ ಕಾಲಕ್ಕೆ ತಿರುಗಿಸಿತು. ಅದು ಭಾರತದ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ. ಆದುದರಿಂದ ಗಂಟಿನೊಳಗೆ ಸೇರಿದ್ದು 14ನೆಯ ತಾರೀಖಿನ 18 ಗಂಟೆ 30 ನಿಮಿಷ. ಅದನ್ನು ಪೂರ್ತಿ ಓದಿ ಭಾರತದ ಕಾಲಕ್ಕೆ ಮರಳಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಗಂಟು ಬಿಚ್ಚುವ ಕಡೆ ಅವಳು ಮೊದಲ ಹತ್ತು ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕುದನ್ನು ಬೇಡವೆಂದು ಕತ್ತರಿಸಿಬಿಟ್ಟಿದ್ದಳು.

ತಿದ್ದುವುದು ಕಷ್ಟವಾಗಲಿಲ್ಲ. ಜನ್ಮದಿನಕ್ಕೆ ಗಂಟೆ ನಿಮಿಷಗಳ ಹಂಗೇ ಬೇಕಿರಲಿಲ್ಲ. ವರ್ಷ, ತಿಂಗಳು, ತಾರೀಖುಗಳನ್ನು ಮೊದಲಿನಿಂದಲೂ ಬರಿಯ ಪಠ್ಯವಾಗಿಟ್ಟರೆ ಸಾಕಾಗಿತ್ತು. ಆದರೆ ಅವಳ ನಿದ್ದೆಗೆಡಿಸಿದ ವಿಚಾರ ಬೇರೆ. ಯಂತ್ರ ಯಾವ ದೂರನ್ನೂ ಹೇಳಿರಲಿಲ್ಲ. ತಪ್ಪು ತಾರೀಖೂ ನೋಡುವುದಕ್ಕೆ ಸರಿಯಾದ ತಾರೀಖಿನ ಹಾಗೆಯೇ ಇತ್ತು. ಅಜ್ಜಿ ಬಾವುಟವನ್ನು ಮರೆತಿದ್ದರೆ, ಮುಂದಿನ ತಲೆಮಾರಿಗೆ ಆ ಹದಿನಾಲ್ಕೇ ಸತ್ಯವಾಗುತ್ತಿತ್ತು.

ಮರುದಿನ ಅವಳು ಪುಟವನ್ನು ತೆರೆದು ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ಅಜ್ಜಿ ಒಂದೊಂದಕ್ಕೂ "ಸರಿ" ಎಂದರು. ಕೆಲವಕ್ಕೆ ಆ ದಿನದ ಮಳೆಯನ್ನೋ, ಹೆರಿಗೆಯ ಕಷ್ಟವನ್ನೋ ಸೇರಿಸಿ ಹೇಳಿದರು. ಪಟ್ಟಿ ಮುಗಿಯುವ ವೇಳೆಗೆ ಸಂಜೆಯಾಗಿತ್ತು. ನೋಟುಪುಸ್ತಕ ಅಟ್ಟಕ್ಕೆ ಹೋಗಲಿಲ್ಲ.