ದವಾಖಾನೆಯ ಕುರ್ಚಿ

ನಮ್ಮ ಶಾಲೆಯು ನಮಗೆ ಕೊಟ್ಟ ಸಂಪತ್ತುಗಳಲ್ಲಿ ಒಂದನ್ನು ನಾವು ಎಣಿಸುವುದೇ ಇಲ್ಲ. ದವಾಖಾನೆಗೆ ಹೋದರೆ ನಮಗೆ ಕುರ್ಚಿ ದೊರೆಯುತ್ತದೆ. ಎರಡು ಇಂಗ್ಲಿಷ್ ಮಾತು ಬಲ್ಲವರಾದುದರಿಂದ ವೈದ್ಯರು ಮರ್ಯಾದೆಯಿಂದ ನುಡಿಯುತ್ತಾರೆ. ಔಷಧವು ಯಾತಕ್ಕೆಂದು ಕೇಳಿದರೆ ಸಿಡುಕುವುದಿಲ್ಲ. ಇದೆಲ್ಲ ತಮ್ಮ ಗುಣದಿಂದಲೇ ಬಂದುದೆಂದು ನಂಬಿದವರೂ ನಮ್ಮಲ್ಲಿ ಇಲ್ಲದಿಲ್ಲ.

ಹುನಗುಂದ ತಾಲೂಕಿನ ರಾಮಥಾಳದಂಥ ಹಳ್ಳಿಯಿಂದ ಒಂದು ದಿನದ ಕೂಲಿಯನ್ನು ಬಿಟ್ಟು ಬರುವ ಬಡಸ್ತ್ರೀಗೆ ಈ ಕುರ್ಚಿಯಿಲ್ಲ. ಅವರಲ್ಲಿಯೂ, ಎಳೆತನದಲ್ಲಿ ದೇವರ ಹೆಸರಿನಿಂದ ಮುತ್ತು ಕಟ್ಟಿಸಿಕೊಂಡವರ ಪಾಡು ಬೇರೆಯೇ ಆಗಿದೆ. ಹೆಚ್ಚಾಗಿ ದಲಿತ ಮನೆಗಳ ಬಾಲಿಕೆಯರೇ ಈ ಪದ್ಧತಿಗೆ ಬಲಿಯಾದರು. 1982ರ ಶಾಸನವು ಅದನ್ನು ನಿಷೇಧಿಸಿತಾದರೂ ದೇವದಾಸಿಯೆಂಬ ಹೆಸರು ಅವರ ಬೆನ್ನು ಬಿಡಲಿಲ್ಲ. ಮುಂದೆ ಎಚ್.ಐ.ವಿ. ಸೋಂಕು ಹಬ್ಬಿದಾಗ, ರಾಜ್ಯದಲ್ಲಿ ಅದು ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ನಮ್ಮ ಬಾಗಲಕೋಟೆಯೂ ಒಂದಾಯಿತು. ಗಾಯದ ಮೇಲೆ ಬರೆಯೆಳೆದಂತಾಯಿತು.

ಕೆಲವು ವರ್ಷಗಳ ಕೆಳಗೆ ಅಂಥ ಒಬ್ಬ ತಾಯಿಯ ಸಂಗಡ ನಾವು ಇಬ್ಬರು ಹಳೆಯ ವಿದ್ಯಾರ್ಥಿನಿಯರು ಒಂದು ದವಾಖಾನೆಗೆ ಹೋಗಿದ್ದೆವು. ಚೀಟಿ ಬರೆಯುವಾತನು ಮೊದಲು ಕೇಳಿದ್ದು ಬೇನೆಯನ್ನಲ್ಲ, ಗಂಡನ ಹೆಸರನ್ನು. ಆಕೆ ತಲೆ ತಗ್ಗಿಸಿದಳು. ಒಳಗೆ ವೈದ್ಯರು ಆಕೆಯನ್ನು ಬಿಟ್ಟು ನಮ್ಮ ಕಡೆಗೆ ತಿರುಗಿ, "ಈಕೆಗೆ ಏನಾಗಿದೆ?" ಎಂದು ಕೇಳಿದರು. ಬೆಟಗೇರಿಯ ಮಿಶನ್ ದವಾಖಾನೆಯಲ್ಲಿ ದಾದಿಯ ವಿದ್ಯೆಯನ್ನು ಕಲಿತ ನಮ್ಮ ಗೆಳತಿಯು, "ಆಕೆಯನ್ನೇ ಕೇಳಿರಿ, ಸಾಹೇಬರೇ, ಗುಳಿಗೆ ನುಂಗುವವಳು ಆಕೆ," ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಹೇಳವ್ವಾ," ಎಂದು ವೈದ್ಯರು ಅಂದ ಮೇಲೆ ಆಕೆಯು, ಕಳೆ ತೆಗೆಯುವಾಗ ತಲೆ ಸುತ್ತುವುದನ್ನೂ, ರಾತ್ರಿ ಮಲಗುವ ಹೊತ್ತಿಗೆ ಗುಳಿಗೆಯನ್ನು ತೆಗೆದುಕೊಂಡರೆ ಅದು ಕಡಿಮೆಯಾಗುವುದನ್ನೂ ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ, ಆಕೆಯ ಪರವಾಗಿ ನಾವು ಮಾತಾಡಿದ್ದರೆ ಅದರಲ್ಲಿ ಅರ್ಧವೂ ಹೊರಬೀಳುತ್ತಿರಲಿಲ್ಲ.

ನಮ್ಮಂಥವರ ದಾರಿಯನ್ನು ಆ ಸ್ತ್ರೀಯರು ಕಾಯುತ್ತ ಕುಳಿತಿದ್ದರೆಂದು ತಿಳಿಯಬಾರದು. ಈ ಜಿಲ್ಲೆಯಲ್ಲಿ ಅವರು ತಾವೇ ಕೂಡಿ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘವನ್ನು ಕಟ್ಟಿಕೊಂಡಿದ್ದಾರೆ. ನಾವು ಹಿಂದಿನಿಂದ ಹೋಗಿ ಸೇರಿಕೊಂಡವರು.

2004ರ ಏಪ್ರಿಲ್‌ದಿಂದ ಸರಕಾರವು ಈ ಬೇನೆಯ ಗುಳಿಗೆಗಳನ್ನು ಧರ್ಮಾರ್ಥವಾಗಿ ಕೊಡತೊಡಗಿತು. 2017ರಲ್ಲಿ ಆದ ಕಾನೂನು 2018ರ ಸೆಪ್ಟೆಂಬರದಲ್ಲಿ ಜಾರಿಗೆ ಬಂದಿತು. ಸೋಂಕಿನ ನೆವದಿಂದ ಚಿಕಿತ್ಸೆಯನ್ನು ನಿರಾಕರಿಸಕೂಡದು, ರೋಗಿಯ ಒಪ್ಪಿಗೆಯಿಲ್ಲದೆ ರಕ್ತವನ್ನು ಪರೀಕ್ಷಿಸಕೂಡದು, ಗುಟ್ಟನ್ನು ಹೊರಗೆಡಹಕೂಡದು. ಇಪ್ಪತ್ತು ಇಲ್ಲವೆ ಹೆಚ್ಚು ಜನರಿರುವ ದವಾಖಾನೆಯು ದೂರುಗಳನ್ನು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸತಕ್ಕದ್ದು. ಆ ಅಧಿಕಾರಿಯು ಯಾರೆಂದು ಹಳ್ಳಿಯ ಹೆಂಗಸು ಕೇಳಿದರೆ ಹೊರಗೆ ನಿಲ್ಲೆನ್ನುತ್ತಾರೆ. ಕುರ್ಚಿ ದೊರೆಯುವ ನಾವು ಕೇಳಿದರೆ ಹೆಸರನ್ನು ಬರೆದುಕೊಡುತ್ತಾರೆ. ಹಾಗೆ ಬರೆಯಿಸಿಕೊಂಡ ಹೆಸರುಗಳನ್ನು ನಾವು ದೊಡ್ಡಕ್ಷರದಲ್ಲಿ ನಕಲು ಮಾಡಿ ಆ ತಾಯಂದಿರ ಕೈಗೆ ಕೊಡುತ್ತಿದ್ದೇವೆ.