ಪೊನ್ನಂಪೇಟೆಯಲ್ಲಿ ಪರ್ಷಿಯಾದ ಬೆಳ್ಳಿ

ಪೊನ್ನಂಪೇಟೆಯ ಕಡೆ ಎರಡು ದಿನ ಉಳಿದುಕೊಂಡರೆ ಮಾತು ಹೇಗೋ ಅಲ್ಲಿಗೇ ಬರುತ್ತೆ: ಕೊಡವರು ಎಲ್ಲಿಂದ ಬಂದವರು? ಕುಪ್ಯ, ಪೀಚೆಕತ್ತಿ ನೋಡಿದವರು ಒಬ್ಬೊಬ್ಬರು ಒಂದೊಂದು ದೇಶ ಹೇಳ್ತಾರೆ. ಆ ಪಟ್ಟಿಯಲ್ಲಿ ಪರ್ಷಿಯಾನೂ ಇದೆ.

ಹಳೇ ನಾಣ್ಯಗಳ ಹುಚ್ಚು ನನಗೆ. ಹೋಮ್‌ಸ್ಟೇ ಆಂಟಿಗೆ ಫೋನಲ್ಲಿ ಪರ್ಷಿಯಾದ ದೊರೆ ಎರಡನೇ ಖುಸ್ರೋನ (590–628) ಬೆಳ್ಳಿ ನಾಣ್ಯ ತೋರಿಸಿದೆ. ತೂಕ ನಾಲ್ಕು ಗ್ರಾಂ ಆಸುಪಾಸು, ಅಗಲವಾದ ತೆಳು ಬಿಲ್ಲೆ. ಅಂಚಲ್ಲಿದ್ದ ಅರ್ಧಚಂದ್ರ ನೋಡಿದ್ದೇ, "ಇದು ನಮ್ಮ ಕೊಕ್ಕೆತಾತಿ ಅಲ್ವಾ!" ಅಂದರು. ಹಿಂಬದಿಯಲ್ಲಿ ಉರಿಯುವ ಬೆಂಕಿ, ಎರಡೂ ಪಕ್ಕ ಕಾವಲು ನಿಂತ ಇಬ್ಬರು. ಆಂಟಿ ತಿರುಗಿ ನೆಲ್ಲಕ್ಕಿ ನಡುಬಾಡೆಯ ತೂಗುದೀಪ ನೋಡಿದರು. ಕೊಡವ ಮದುವೆಗೆ ಹೋಮ ಇಲ್ಲ, ಪುರೋಹಿತರಿಲ್ಲ. ದೀಪದ ಮುಂದೆ ಹಿರಿಯರು ಅಕ್ಕಿ ಹಾಕಿ, ಹಾಲು ಕುಡಿಸಿ, ಕೈಗೆ ಕಾಸು ಕೊಟ್ಟರೆ ಆಯ್ತು.

ಹೋಲಿಕೆ ಚೆಂದ. ಆದರೆ ಅಷ್ಟಕ್ಕೇ ವಂಶವೃಕ್ಷ ಬರೆಯೋಕಾಗಲ್ಲ. ಅರ್ಧಚಂದ್ರ ಯಾವ ನಾಡಿನ ಒಡವೆಯಲ್ಲಿಲ್ಲ ಹೇಳಿ? ಕೊಡವ ತಕ್ಕ್ ದ್ರಾವಿಡ ಭಾಷೆ, ಕನ್ನಡ, ಮಲಯಾಳ, ತಮಿಳಿನ ನೆಂಟ.

ನಾಣ್ಯದ ಬೆಂಕಿಗೆ ಅದರದೇ ಕಥೆ ಇದೆ. ಜರತುಷ್ಟ್ರ ಧರ್ಮದ ಸಸಾನಿಯನ್ ದೊರೆಗಳು (224–651) ಪಟ್ಟಕ್ಕೆ ಬಂದಾಗ ತಮ್ಮದೇ ಅಗ್ನಿ ಹೊತ್ತಿಸುತ್ತಿದ್ದರು. ಮೊದಲ ದೊರೆ ಅರ್ದಶೀರನ ನಾಣ್ಯದ ಮೇಲೆ 'ಅರ್ದಶೀರನ ಅಗ್ನಿ' ಎಂದೇ ಬರೆದಿದೆ. ಕರ್ನಾಟಕಕ್ಕೂ ಪರ್ಷಿಯಾಕ್ಕೂ ಸಂಬಂಧ ಇರಲಿಲ್ಲ ಅಂತಲ್ಲ. ಭಾರತದ ದೊರೆಯೊಬ್ಬ ಖುಸ್ರೋಗೆ ಪತ್ರ ಕಳಿಸಿದ್ದನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾನೆ; ಆತ ಬಾದಾಮಿಯ ಇಮ್ಮಡಿ ಪುಲಿಕೇಶಿ ಅಂತ ಹಲವು ವಿದ್ವಾಂಸರ ಅಭಿಪ್ರಾಯ.

ಈ ಬೆಂಕಿ ಭಾರತಕ್ಕೂ ಬಂತು, ಬೇರೆ ದಾರಿಯಲ್ಲಿ. ಐದನೇ ಶತಮಾನದಲ್ಲಿ ದೊರೆ ಪೇರೋಜ್ ಹೂಣರಿಗೆ ಸೋತು, ಬಿಡುಗಡೆಗೆ ಬೆಳ್ಳಿ ತೆತ್ತ. ಅವನ ನಾಣ್ಯಗಳನ್ನು ನೋಡಿ ಹೂಣರು ನಕಲು ಹೊಡೆದರು. ಆಮೇಲೆ ಗುಜರಾತ್, ರಾಜಸ್ಥಾನದ ಟಂಕಸಾಲೆಗಳು ನಕಲಿನ ನಕಲು ತೆಗೆದವು. ನೂರಾರು ವರ್ಷ ಹೀಗೇ ನಡೆದು ದೊರೆಯ ಮುಖ ಗೆರೆಗಳಾಯ್ತು, ಬೆಂಕಿ ಬರೀ ಚುಕ್ಕಿಗಳಾಯ್ತು. ಅದನ್ನೇ ಗಧೈಯಾ ಅಂತಾರೆ. ಬೆಳ್ಳಿ ಚಲಾವಣೆ ಆಗ್ತಾ ಇತ್ತು, ಆದರೆ ಅದರ ಮೇಲಿರೋದು ಬೆಂಕಿ ಅಂತ ಅಚ್ಚು ಕೆತ್ತುವವನಿಗೂ ಗೊತ್ತಿದ್ದ ಹಾಗಿಲ್ಲ.

ಗಧೈಯಾ ಫೋಟೊನೂ ತೋರಿಸಿದೆ. ಆಂಟಿ ದೊಡ್ಡದು ಮಾಡಿ, ತಿರುಗಿಸಿ ನೋಡಿದರು. "ಇದರಲ್ಲಿ ದೀಪ ಎಲ್ಲಿದೆ?"