ಮಗಳ ಪರೀಕ್ಷೆಗೆ ನನ್ನ ಓದು

ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಕಂಪ್ಯೂಟರ್ ಪುಸ್ತಕ ಹಿಡಿದು ಕುಳಿತೆನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಾರರು. ಮಕ್ಕಳಿಗೆ ಸಮಾಜ ಪಾಠ ಮಾಡಿಕೊಂಡಿರುವವಳು ನಾನು. ಮೊಬೈಲಿನಲ್ಲಿ ಏನಾದರೂ ತುಂಬಬೇಕೆಂದರೆ ಗಣಿತದ ಮೇಷ್ಟ್ರನ್ನು ಕರೆಯುತ್ತೇನೆ.

ಆದರೆ ಮಗಳು ಕಂಪ್ಯೂಟರ್ ಆರ್ಕಿಟೆಕ್ಚರ್ ಎಂಬ ವಿಷಯದಲ್ಲಿ ಫೇಲಾಗಿದ್ದಳು. ಅದನ್ನು ನಾಲ್ಕು ತಿಂಗಳು ಮುಚ್ಚಿಟ್ಟಿದ್ದಳು. ಫೇಲಾದದ್ದಕ್ಕಿಂತ ಮುಚ್ಚಿಟ್ಟದ್ದೇ ನನ್ನನ್ನು ಚುಚ್ಚಿತು. ಊರವರ ಮಕ್ಕಳು "ಮಿಸ್, ಮನೇಲಿ ಹೇಳ್ಬೇಡಿ" ಎಂದು ನನ್ನ ಹತ್ತಿರ ಬಂದು ಅಳುತ್ತವೆ. ನನ್ನ ಮಗಳು ಯಾರ ಹತ್ತಿರ ಅತ್ತಳೋ!

ಮತ್ತೆ ಪರೀಕ್ಷೆ ಕಟ್ಟಿ, ಹತ್ತು ದಿನ ಓದಲು ಮನೆಗೆ ಬಂದಳು. "ನಾನು ಪ್ರಶ್ನೆ ಕೇಳ್ತೀನಿ, ನನಗೆ ತಿಳಿಯೋ ಹಾಗೆ ಹೇಳು" ಅಂದೆ. "ನಿನಗೆಲ್ಲಿ ತಿಳಿಯುತ್ತಮ್ಮಾ" ಎಂದರೂ ರಾತ್ರಿ ಅಡುಗೆಮನೆಗೇ ಪುಸ್ತಕ ತಂದಳು.

ಮೊದಲು ಕ್ಯಾಷ್. ಪ್ರೊಸೆಸರ್ ಬಲು ಚುರುಕು, ದೊಡ್ಡ ಮೆಮೊರಿ ನಿಧಾನ. ಅದಕ್ಕೇ ಪದೇ ಪದೇ ಬೇಕಾಗುವುದನ್ನು ಪಕ್ಕದಲ್ಲೇ ಒಂದು ಪುಟ್ಟ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದಂತೆ. "ಒಗ್ಗರಣೆ ಡಬ್ಬಿ!" ಅಂದೆ. ಪ್ರತಿ ಸಲ ಸಾಸಿವೆಗೆ ಉಗ್ರಾಣಕ್ಕೆ ಓಡುವವರುಂಟೇ? ಅವಳು ನಕ್ಕಳು, ಆದರೆ ಒಪ್ಪಲಿಲ್ಲ. ಡಬ್ಬಿಗೆ ಬಂದ ಸಾಸಿವೆ ಉಗ್ರಾಣದಲ್ಲಿ ಇರುವುದಿಲ್ಲ, ಕ್ಯಾಷಿನಲ್ಲಿರುವುದು ನಕಲು. ನಕಲನ್ನು ತಿದ್ದಿದರೆ ಮೂಲವನ್ನೂ ತಿದ್ದಬೇಕು. ಆಗಲೇ ತಿದ್ದುವುದು ಒಂದು ಕ್ರಮ, ಅದನ್ನು ಕ್ಯಾಷಿನಿಂದ ತೆಗೆಯುವಾಗ ತಿದ್ದುವುದು ಇನ್ನೊಂದು. ಇದು ನನಗೆ ಹೊಸದಲ್ಲ. ನನ್ನ ಪುಸ್ತಕದಲ್ಲಿ ಅಂಕ ತಿದ್ದಿ, ಕಚೇರಿಯ ರಿಜಿಸ್ಟರಿನಲ್ಲಿ ತಿದ್ದಲು ಮರೆತು ಬೈಸಿಕೊಂಡವಳು ನಾನು.

ಆಮೇಲೆ ಲೆಕ್ಕ. ಕ್ಯಾಷ್ ನೋಡಲು 1 ನ್ಯಾನೋಸೆಕೆಂಡ್, ಅಲ್ಲಿ ಸಿಗದಿದ್ದರೆ ಇನ್ನೂ 100. ನೂರಕ್ಕೆ 95 ಸಲ ಸಿಕ್ಕರೆ ಸರಾಸರಿ ಎಷ್ಟು? ಹೋದ ಸಲ ಅವಳು ತಪ್ಪಿದ್ದು ಇಲ್ಲೇ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಇಬ್ಬರೂ ಬರೆದೆವು: 6. ನೂರಕ್ಕೆ 99 ಸಲ ಸಿಕ್ಕರೆ? 2. ಬರೀ ನಾಲ್ಕು ಸಲ ಹೆಚ್ಚು ಸಿಕ್ಕಿದ್ದಕ್ಕೆ ವೇಗ ಮೂರು ಪಟ್ಟು! ನಾನೇ ಇನ್ನೊಂದು ಸಲ ಗುಣಿಸಿ ನೋಡಿದೆ.

ವರ್ಚುವಲ್ ಮೆಮೊರಿಗೆ ಬರುವ ಹೊತ್ತಿಗೆ ಆರನೆಯ ರಾತ್ರಿ. ಪ್ರತಿ ಪ್ರೋಗ್ರಾಮಿಗೂ ದೊಡ್ಡ ಮೆಮೊರಿಯೆಲ್ಲ ತನ್ನದೇ ಎಂಬ ಭ್ರಮೆ. ನಿಜದಲ್ಲಿ ಅದನ್ನು ಪುಟಗಳಾಗಿ ಹಂಚಿ, ಕೆಲವನ್ನು ಮೆಮೊರಿಯಲ್ಲೂ ಮಿಕ್ಕದ್ದನ್ನು ಡಿಸ್ಕಿನಲ್ಲೂ ಇಟ್ಟಿರುತ್ತಾರೆ. ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿ 1962ರಲ್ಲೇ ಇದು ಇತ್ತಂತೆ. ಇಸವಿ ಕಂಡರೆ ನನಗೆ ಜೀವ. "ಅದನ್ನ ಕೇಳಲ್ಲಮ್ಮಾ" ಎಂದು ಪುಟ ತಿರುವಿದಳು.

"ಪೇಜ್ ಫಾಲ್ಟ್ ಅಂದ್ರೆ ಯಾರ ತಪ್ಪು?" ಎಂದೆ.

"ಯಾರ ತಪ್ಪೂ ಅಲ್ಲ. ಬೇಕಾದ ಪುಟ ಮೆಮೊರಿಯಲ್ಲಿ ಇಲ್ಲ, ಅಷ್ಟೆ. ಆಪರೇಟಿಂಗ್ ಸಿಸ್ಟಂ ಡಿಸ್ಕಿನಿಂದ ತಂದುಕೊಡುತ್ತೆ. ಎಲ್ಲಿ ನಿಂತಿತ್ತೋ ಅದೇ ಸೂಚನೆಯಿಂದ ಮತ್ತೆ ಶುರು."

"ತಡ ಆಗಲ್ವಾ?"

"ತುಂಬಾ ತಡ ಆಗುತ್ತೆ. ಅಷ್ಟು ಹೊತ್ತಿಗೆ ಲಕ್ಷಗಟ್ಟಲೆ ಸೂಚನೆ ಮುಗಿಸಬಹುದಿತ್ತು."

ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. "ರಿಸಲ್ಟ್ ಬಂದ ದಿನ ಹೇಳೋಣ ಅಂತಲೇ ಫೋನ್ ಮಾಡಿದ್ದೆ ಅಮ್ಮಾ. ನೀನು ನಿನ್ನ ಕ್ಲಾಸಿನ ಹುಡುಗನೊಬ್ಬ ಫೇಲಾದ ಅಂತ ಒಂದೇ ಸಮನೆ ಬೈತಾ ಇದ್ದೆ. ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ."

ಆ ಫೋನು ನನಗೆ ನೆನಪಿತ್ತು. ಆ ಹುಡುಗನಿಗೆ ನಾನು ಬಳಸಿದ ಮಾತೂ ನೆನಪಿತ್ತು; ಅದನ್ನು ಇಲ್ಲಿ ಬರೆಯಲಾರೆ. ಎದ್ದು ಹಾಲು ಬಿಸಿ ಮಾಡಿದೆ. "ಮುಂದಿನ ಪ್ರಶ್ನೆ ಕೇಳು" ಎಂದು ಅವಳೇ ಪುಸ್ತಕ ನನ್ನ ಕಡೆಗೆ ತಳ್ಳಿದಳು.

ಪರೀಕ್ಷೆಯ ದಿನ ಕಾಲೇಜಿನ ಗೇಟಿನಿಂದಲೇ ಫೋನು ಬಂತು. ಹಿಂದೆ ಬಸ್ಸುಗಳ ಗದ್ದಲ.

"ಅಮ್ಮಾ, ಒಂದು ಲೆಕ್ಕ ತಪ್ಪಾಯ್ತು."

"ಯಾವುದು, ಹೇಳು" ಎಂದು ಹಾಲಿನ ಪುಸ್ತಕ ಎಳೆದುಕೊಂಡೆ.